ಎಲ್‌ಎಲ್ ಒಂದು, ಗಾಡಿ ಇನ್ನೊಂದು: ಆನಗೋಡು ಕಡೆಯ ಒಬ್ಬ ಹುಡುಗನ ಪ್ರಕರಣ

ಮಗನಿಗೆ ಹದಿನಾರು ತುಂಬುತ್ತಿದ್ದಂತೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಮಾತು ಶುರುವಾಗುತ್ತದೆ. "ಒಂದು ಎಲ್‌ಎಲ್ ಮಾಡಿಸಿಬಿಡೋಣ, ಪೊಲೀಸರ ಕಾಟ ಇರಲ್ಲ." ಎಲ್‌ಎಲ್ ಎಂದರೆ ಲರ್ನರ್ಸ್ ಲೈಸೆನ್ಸ್, ಗಾಡಿ ಕಲಿಯುವವರಿಗೆ ಕೊಡುವ ಪರವಾನಗಿ. ಆ ಮಾತು ನಂಬಿದ ಒಂದು ಮನೆಯ ಕಥೆ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹುಡುಗನನ್ನು ಇಲ್ಲಿ ಮಂಜು ಎಂದು ಕರೆದಿದ್ದೇನೆ, ಅದು ಅವನ ಹೆಸರಲ್ಲ. ಊರಿನ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಾರದೆಂದು ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ನಡೆದದ್ದು ಮಾತ್ರ ಹಾಗೇ ಇದೆ.

ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುತ್ತೇನೆ. ಈ ಪ್ರಕರಣದ ಮೊದಲ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಹಿನ್ನೆಲೆ

ಮಂಜುವಿನ ಊರು ಆನಗೋಡು ಕಡೆ, ಹೆದ್ದಾರಿಯಿಂದ ಒಳಗೆ 4 ಕಿಲೋಮೀಟರ್. ಕ್ರಾಸ್‌ನಿಂದ ದಾವಣಗೆರೆಗೆ ಸುಮಾರು 16 ಕಿಲೋಮೀಟರ್. ಅಪ್ಪನಿಗೆ ಮೆಕ್ಕೆಜೋಳದ ಹೊಲ, ಒಂದಿಷ್ಟು ಅಡಿಕೆ, ಎರಡು ಎಮ್ಮೆ. ಅಕ್ಕ ಡಿಗ್ರಿ ಓದುತ್ತಿದ್ದಳು. ಮನೆಯಲ್ಲಿ ಒಂದು ಟಿವಿಎಸ್ ಎಕ್ಸ್‌ಎಲ್ 100. ಹೊಲಕ್ಕೆ ಗೊಬ್ಬರ, ಡೈರಿಗೆ ಹಾಲು, ಅಂಗಡಿಗೆ ಸಾಮಾನು, ಎಲ್ಲಕ್ಕೂ ಅದೇ. ಮಂಜು ಏಳನೇ ಕ್ಲಾಸಿನಿಂದಲೇ ಅದನ್ನು ಊರೊಳಗೆ ಓಡಿಸುತ್ತಿದ್ದ. ಹಳ್ಳಿಯಲ್ಲಿ ಇದು ಯಾರ ಕಣ್ಣಿಗೂ ತಪ್ಪಾಗಿ ಕಾಣುವುದಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವ ಹುಡುಗನನ್ನು "ಮನೆಗೆ ಆಗ್ತಾನೆ" ಎಂದು ಹೊಗಳುವವರೇ ಜಾಸ್ತಿ.

2023ರ ಜೂನ್‌ನಲ್ಲಿ ಅವನು ನಮ್ಮ ಕಾಲೇಜಿಗೆ ಫಸ್ಟ್ ಪಿಯುಸಿಗೆ ಸೇರಿದ. ಮಹಿಳೆಯರ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದದ್ದೂ ಅದೇ ಜೂನ್ 11ಕ್ಕೆ. ಅಕ್ಕನಿಗೆ ಅದರಿಂದ ದೊಡ್ಡ ಅನುಕೂಲವಾಯಿತು, ಆ ಮನೆಗೆ ಅದು ಬಹಳ ಬೇಕಾಗಿತ್ತು. ಆದರೆ ಊರಿಗೆ ಬರುವ ಬಸ್ಸಿನ ಸಂಖ್ಯೆ ಹೆಚ್ಚಲಿಲ್ಲ. ಬೆಳಿಗ್ಗೆ 7.40ಕ್ಕೆ ಒಂದು ಬಸ್. ಅದು ಊರಿಗೆ ಬರುವಾಗಲೇ ತುಂಬಿರುತ್ತಿತ್ತು. ಸಂಜೆ ದಾವಣಗೆರೆಯಿಂದ ಊರ ಕಡೆಗೆ ಕೊನೆಯ ಬಸ್ 5.15ಕ್ಕೆ. ನಮ್ಮಲ್ಲಿ ಅಕೌಂಟೆನ್ಸಿ ಎಕ್ಸ್‌ಟ್ರಾ ಕ್ಲಾಸ್ ಮುಗಿಯುವುದು 5.30ಕ್ಕೆ.

ಸಮಸ್ಯೆ

ಜುಲೈನಲ್ಲಿ ಮಂಜು ಎಕ್ಸ್‌ಟ್ರಾ ಕ್ಲಾಸ್ ತಪ್ಪಿಸತೊಡಗಿದ. ಕೇಳಿದರೆ "ಬಸ್ ಹೋಗುತ್ತೆ ಸಾರ್" ಅಂದ. ಆಗಸ್ಟ್‌ನಲ್ಲಿ ಅವನಿಗೆ 16 ತುಂಬಿತು. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಸಾರ್, ನಂಗೆ 16 ಆಯ್ತು, ಎಲ್‌ಎಲ್ ಮಾಡಿಸ್ಬಹುದಂತೆ. ಗಾಡಿ ತಗೊಂಡು ಬಂದ್ರೆ ಕ್ಲಾಸ್ ತಪ್ಪಲ್ಲ" ಅಂದ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಮಾಡಿಸು, ಒಳ್ಳೇದು" ಅಂದೆ. ಹದಿನಾರಕ್ಕೆ ಎಲ್‌ಎಲ್ ಕೊಡುತ್ತಾರೆ ಎಂದು ನಾನೂ ಕೇಳಿದ್ದೆ. ಯಾವ ಗಾಡಿಗೆ ಎಂದು ನಾನೂ ಕೇಳಲಿಲ್ಲ, ಅವನೂ ಕೇಳಲಿಲ್ಲ.

ಮೇಷ್ಟ್ರು ಹೂಂ ಅಂದರು ಎಂಬ ಮಾತು ಹಳ್ಳಿಯ ಮನೆಯಲ್ಲಿ ಎಷ್ಟು ತೂಕದ್ದು ಎಂದು ನನಗೆ ಗೊತ್ತಿರಬೇಕಿತ್ತು. ಅವನ ಅಪ್ಪ ಅಲ್ಲಿಯವರೆಗೆ ಹಿಂದೆ ಮುಂದೆ ನೋಡುತ್ತಿದ್ದರಂತೆ. ನನ್ನ ಮಾತು ಕೇಳಿದ ಮೇಲೆ ಒಪ್ಪಿದರು.

ಮೊದಲು ಮಾಡಿದ್ದು: ಎಲ್‌ಎಲ್

ಅವರು ಒಬ್ಬ ಏಜೆಂಟನ ಹತ್ತಿರ ಹೋದರು. 2,500 ರೂಪಾಯಿ ಕೊಟ್ಟರು. ಎಲ್‌ಎಲ್‌ಗೆ ಸರ್ಕಾರಿ ಶುಲ್ಕ ಒಂದು ಬಗೆಯ ಗಾಡಿಗೆ 150 ರೂಪಾಯಿ, ಟೆಸ್ಟಿಗೆ 50 ರೂಪಾಯಿ. ಉಳಿದದ್ದೆಲ್ಲ ಓಡಾಟದ ಲೆಕ್ಕ. ಅರ್ಜಿಯನ್ನು ಲೈಸೆನ್ಸಿನ ಸರ್ಕಾರಿ ವೆಬ್‌ಸೈಟ್ ಆದ ಸಾರಥಿ ಪೋರ್ಟಲ್‌ನಲ್ಲಿ ತುಂಬಿದ್ದು ಏಜೆಂಟನ ಕಡೆಯವರು. ವಯಸ್ಸಿನ ದಾಖಲೆಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಟ್ಟರು. ಹದಿನೆಂಟು ತುಂಬದವರ ಅರ್ಜಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆಯ ಸಹಿ ಬೇಕು. ಅಪ್ಪ ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. "ಏನು ಬರೆದಿತ್ತು ಅಂತ ಓದಲಿಲ್ಲ ಸಾರ್, ಇಲ್ಲಿ ಹಾಕಿ ಅಂದ್ರು, ಹಾಕಿದೆ" ಎಂದು ಆಮೇಲೆ ಹೇಳಿದರು.

ಟೆಸ್ಟಿಗೆ ಮಂಜು ಏನೂ ಓದಿರಲಿಲ್ಲ. ಹಿಂದಿನ ರಾತ್ರಿ ಗೆಳೆಯನ ಫೋನಿನಲ್ಲಿ ಬಂದ ಪ್ರಶ್ನೆ ಉತ್ತರ ನೋಡಿಕೊಂಡು ಹೋಗಿದ್ದ, ಅಷ್ಟೇ. ಪಾಸಾದ. ಸೆಪ್ಟೆಂಬರ್ ಮೂರನೇ ವಾರ ಎಲ್‌ಎಲ್ ಬಂತು. ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡಿಸಿದರು. ಮರುದಿನದಿಂದಲೇ ಹುಡುಗ ಎಕ್ಸ್‌ಎಲ್ ಹತ್ತಿ ಒಬ್ಬನೇ ದಾವಣಗೆರೆಗೆ ಬರತೊಡಗಿದ. ಹೆಲ್ಮೆಟ್ ಇತ್ತು, ಅದನ್ನು ಒಪ್ಪಿಕೊಳ್ಳಬೇಕು. ಎಕ್ಸ್‌ಟ್ರಾ ಕ್ಲಾಸಿಗೂ ತಪ್ಪದೆ ಕೂತ. ಯೂನಿಟ್ ಟೆಸ್ಟ್‌ನಲ್ಲಿ ಅಂಕ ಏರಿತು. ನನಗೆ ಸಮಾಧಾನವಾಗಿತ್ತು.

ಜೋಳದ ಮೇಲೆ

ನವೆಂಬರ್‌ನಲ್ಲಿ ನಮ್ಮ ಕಡೆಯ ರಸ್ತೆಗಳನ್ನು ನೋಡಿದವರಿಗೆ ಗೊತ್ತು. ಅರ್ಧ ರಸ್ತೆ ಮೆಕ್ಕೆಜೋಳ. ಎಲ್ಲರಿಗೂ ಕಣ ಎಲ್ಲಿಂದ ಬರಬೇಕು? ಟಾರು ಬಿಸಿ ಇರುತ್ತದೆ, ಕಾಳು ಬೇಗ ಒಣಗುತ್ತದೆ. ಅಂಚಿಗೆ ಗುಂಡುಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಸಂಜೆ ರಾಶಿ ಮಾಡಿ ತಾಡಪಾಲು ಹೊದಿಸುತ್ತಾರೆ.

ಅವತ್ತು ಮಂಜು ಕ್ರಾಸ್‌ನಿಂದ ಊರ ಕಡೆ ತಿರುಗಿದಾಗ ಆರು ಗಂಟೆ ದಾಟಿತ್ತು. ಕತ್ತಲಾಗುತ್ತಿತ್ತು. ಎದುರಿಗೆ ಟ್ರ್ಯಾಕ್ಟರ್ ಬಂತು. ಅದಕ್ಕೆ ದಾರಿ ಬಿಡಲು ಪಕ್ಕಕ್ಕೆ ಎಳೆದ. ಮುಂದಿನ ಚಕ್ರ ಕಾಳಿನ ಮೇಲೆ ಹತ್ತಿತು. ಗಾಬರಿಯಲ್ಲಿ ಬ್ರೇಕ್ ಹಿಡಿದ. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ನಿಲ್ಲುವುದಿಲ್ಲ, ಜಾರುತ್ತದೆ. ಗಾಡಿ ಅಡ್ಡ ಬಿದ್ದು ಹತ್ತು ಹೆಜ್ಜೆ ಉಜ್ಜಿಕೊಂಡು ಹೋಯಿತು. ಅದು ಹೋಗಿ ನಿಂತ ಜಾಗದಿಂದ ಎರಡು ಮಾರು ದೂರದಲ್ಲಿ ಒಬ್ಬ ಅಜ್ಜಿ ಕೂತು ಮೊರದಲ್ಲಿ ಕಾಳು ಗೋರುತ್ತಿದ್ದರು.

ಅಜ್ಜಿಗೆ ಏನೂ ಆಗಲಿಲ್ಲ. ಮಂಜುವಿನ ಮೊಣಕಾಲು, ಮೊಣಕೈ ತರಚಿತ್ತು. ಬಲಗೈ ಅಂಗೈ ಚರ್ಮ ಕಿತ್ತು ಬಂದಿತ್ತು. ಗಾಯ ತೊಳೆಯುವಾಗ ಒಳಗೆ ಎರಡು ಜೋಳದ ಕಾಳು ಕಚ್ಚಿಕೊಂಡಿದ್ದವು ಎಂದು ಅವನ ಅಮ್ಮ ಹೇಳಿದರು. ಆ ಮಾತು ಹೇಳುವಾಗ ಅವರ ದನಿ ನಡುಗುತ್ತಿತ್ತು.

ಮೂರನೇ ದಿನ ಅಪ್ಪ ಕಾಲೇಜಿಗೆ ಬಂದರು. ರಜೆ ಚೀಟಿ ಕೊಡಲು ಬಂದಿದ್ದರು, ಆದರೆ ಅವರ ಮನಸ್ಸಿನಲ್ಲಿ ಅಜ್ಜಿ ಇದ್ದರು. "ಅವ್ರಿಗೇನಾದ್ರೂ ಆಗಿದ್ರೆ ನಾನೇನ್ ಮಾಡ್ಬೇಕಿತ್ತು ಸಾರ್?" ಅಂದರು. ಆಮೇಲೆ ಅವರೇ ಸಮಾಧಾನ ಹೇಳಿಕೊಂಡರು, "ಎಲ್‌ಎಲ್ ಐತೆ, ಇನ್ಸೂರೆನ್ಸ್ ಐತೆ, ಏನಾಗ್ತಿರಲಿಲ್ಲ ಬಿಡ್ರಿ."

ಆಗ ಮೊದಲ ಬಾರಿ ನನಗೆ ಅನುಮಾನ ಬಂತು.

ಎರಡು ಕಾಗದ ಅಕ್ಕಪಕ್ಕ

ಕಾಲೇಜಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು ಇದೆ. ಅಲ್ಲಿ ಕೂತು ಎಲ್‌ಎಲ್ ಮತ್ತು ಗಾಡಿಯ ಆರ್‌ಸಿ ಕಾರ್ಡ್ (ನೋಂದಣಿ ಪತ್ರ) ಎರಡನ್ನೂ ಅಕ್ಕಪಕ್ಕ ಇಟ್ಟೆವು. ಎಲ್‌ಎಲ್‌ನಲ್ಲಿ ಗಾಡಿಯ ವರ್ಗ ಸಣ್ಣ ಅಕ್ಷರದಲ್ಲಿತ್ತು: ಗೇರ್ ಇಲ್ಲದ ಮೋಟಾರ್ ಸೈಕಲ್, 50 ಸಿಸಿ ಒಳಗೆ. ಆರ್‌ಸಿ ಕಾರ್ಡಿನಲ್ಲಿ ಕ್ಯೂಬಿಕ್ ಕೆಪಾಸಿಟಿ (ಎಂಜಿನ್ನಿನ ಅಳತೆ, ಅಂದರೆ ಸಿಸಿ) ಎಂಬ ಸಾಲಿನ ಮುಂದೆ 99.7.

ಅಪ್ಪ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಹಿಂದೆ ತಿರುಗಿಸಿದರು. ಮತ್ತೆ ಮುಂದೆ ತಿರುಗಿಸಿದರು.

"ಹಂಗಾದ್ರೆ ಈ ಎಲ್‌ಎಲ್ ಯಾವ ಗಾಡಿಗ್ರಿ?"

"50 ಸಿಸಿ ಒಳಗಿನ ಗಾಡಿಗೆ."

"ಅಂಥ ಗಾಡಿ ಈಗ ಎಲ್ಲೈತ್ರಿ? ನಮ್ ಕಾಲ್ದಾಗ ಲೂನಾ ಇತ್ತು."

ಅವರು ಹೇಳಿದ್ದು ಪೂರ್ತಿ ನಿಜ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಗಾಡಿ ಓಡಿಸಲು 18 ತುಂಬಬೇಕು. 50 ಸಿಸಿ ಮೀರದ ಮೋಟಾರ್ ಸೈಕಲ್‌ಗೆ ಮಾತ್ರ 16. ಆ ಕಾಯ್ದೆ ಬಂದಾಗ ರಸ್ತೆ ತುಂಬ ಲೂನಾ, ಟಿವಿಎಸ್ 50 ಇದ್ದವು. ಈಗ ಶೋರೂಮಿಗೆ ಹೋಗಿ 50 ಸಿಸಿ ಪೆಟ್ರೋಲ್ ಗಾಡಿ ಕೇಳಿದರೆ ಸಿಗುವುದಿಲ್ಲ. ಆಕ್ಟಿವಾ ಸುಮಾರು 110 ಸಿಸಿ. ಎಕ್ಸ್‌ಎಲ್ ನೋಡಲು ಹಳೆಯ ಮೊಪೆಡ್ ತರಹವೇ ಇದೆ, ಜನ ಈಗಲೂ ಅದನ್ನು "ಟಿವಿಎಸ್ ಫಿಫ್ಟಿ" ಅಂತಲೇ ಕರೆಯುತ್ತಾರೆ. ಈ ಹೆಸರೇ ಎಷ್ಟೋ ಜನರ ದಾರಿ ತಪ್ಪಿಸಿದೆ ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಹದಿನಾರಕ್ಕೆ ಸಿಗುವ ಎಲ್‌ಎಲ್ ಹೆಚ್ಚುಕಡಿಮೆ ಗಾಡಿಯೇ ಇಲ್ಲದ ಎಲ್‌ಎಲ್. ಅರ್ಜಿ ತೆಗೆದುಕೊಳ್ಳುವಾಗಲೇ ಈ ಮಾತನ್ನು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಹೇಳಬೇಕು.

ಇನ್ನೊಂದು ತಪ್ಪೂ ಇತ್ತು. ಎಲ್‌ಎಲ್ ಕಲಿಯುವುದಕ್ಕೆ ಕೊಡುವ ಪರವಾನಗಿ. ಜೊತೆಗೆ ಡಿಎಲ್, ಅಂದರೆ ಪೂರ್ಣ ಡ್ರೈವಿಂಗ್ ಲೈಸೆನ್ಸ್, ಇರುವವರು ಇರಬೇಕು. ಗಾಡಿಯ ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ. ಮಂಜು ಒಬ್ಬನೇ ಬರುತ್ತಿದ್ದ. ಕೆಲವು ದಿನ ಗೆಳೆಯನನ್ನು ಹಿಂದೆ ಕೂರಿಸಿಕೊಂಡೂ ಬರುತ್ತಿದ್ದ.

ಕೋರ್ಟಿನಲ್ಲಿ ವಕೀಲಿ ಮಾಡುವ ನನ್ನ ಗೆಳೆಯನೊಬ್ಬನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸ್ಪೀಕರ್ ಆನ್ ಮಾಡಿದೆ. ಅವನು ಒಂದೊಂದಾಗಿ ಹೇಳಿದ. 2019ರ ಸೆಪ್ಟೆಂಬರ್ 1ರಿಂದ ಕಾಯ್ದೆಗೆ 199ಎ ಎಂಬ ಕಲಂ ಸೇರಿದೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ಕಾಯ್ದೆ ಮುರಿದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ.

"ಎಲ್‌ಎಲ್ ಇದೆಯಲ್ಲ?" ಎಂದು ಕೇಳಿದೆ.

"ಎಲ್‌ಎಲ್ ಯಾವ ಗಾಡಿಗೆ ಇದೆಯೋ ಅದನ್ನೇ ಓಡಿಸುತ್ತಿದ್ದರೆ ಪೋಷಕರು ಬಚಾವ್. ಬೇರೆ ಗಾಡಿ ಆದ್ರೆ ಆ ಕಾಗದ ಇದ್ದೂ ಇಲ್ಲದಂಗೆ" ಅಂದ. ಇನ್ಸೂರೆನ್ಸ್ ಬಗ್ಗೆಯೂ ಹೇಳಿದ. ಸರಿಯಾದ ಲೈಸೆನ್ಸ್ ಇಲ್ಲದವನು ಅಪಘಾತ ಮಾಡಿದರೆ ಕಂಪನಿ ಗಾಯಗೊಂಡವರಿಗೆ ಹಣ ಕೊಟ್ಟರೂ ಅದನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಗಾಡಿ ನಮ್ಮ ಅಣ್ಣನ ಹೆಸರಲ್ಲೈತೆ" ಅಂದರು. ಅಣ್ಣ ತಮ್ಮಂದಿರು ಪಾಲಾದಾಗ ಗಾಡಿ ಇವರ ಪಾಲಿಗೆ ಬಂದಿತ್ತು. ಆರ್‌ಸಿ ಬದಲಾಯಿಸಿರಲಿಲ್ಲ. ಅಜ್ಜಿಗೆ ಏನಾದರೂ ಆಗಿದ್ದರೆ, ಏನೂ ಗೊತ್ತಿಲ್ಲದ ದೊಡ್ಡಪ್ಪನ ಮನೆ ಬಾಗಿಲಿಗೂ ಸಮನ್ಸ್ ಹೋಗುತ್ತಿತ್ತು. ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ ಎಂದು ನನಗೆ ಅನ್ನಿಸುತ್ತದೆ. ದಂಡ, ಜೈಲು ಎಂಬ ಮಾತಿಗಿಂತ ಅಣ್ಣನ ಮುಖ ಅವರಿಗೆ ಹತ್ತಿರವಾಗಿ ಕಂಡಿತು. ಅವತ್ತೇ ಸಂಜೆ ಗಾಡಿಯ ಕೀಲಿಯನ್ನು ಮಂಜುವಿನ ಅಮ್ಮನ ಕೈಗೆ ಕೊಟ್ಟರು.

ಆಮೇಲೆ ಏನೇನು ನೋಡಿದೆವು

ಕೀಲಿ ಕಿತ್ತುಕೊಂಡರೆ ಸಮಸ್ಯೆ ಮುಗಿಯುವುದಿಲ್ಲ. ಹುಡುಗ ಮತ್ತೆ 5.15ರ ಬಸ್ಸಿಗೆ ಓಡಬೇಕು, ಕ್ಲಾಸ್ ತಪ್ಪಬೇಕು. ಅವನು ನನ್ನ ಮೇಲೆ ಮುನಿಸಿಕೊಂಡ. ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದೇ. ಹೂಂ ಅಂದವನೂ ನಾನೇ, ಬೇಡ ಅಂದವನೂ ನಾನೇ.

ಹಾಸ್ಟೆಲ್ ಕೇಳಿದೆವು. ಆ ವರ್ಷದ ಅರ್ಜಿಯ ದಿನ ಮುಗಿದಿತ್ತು. ರೂಮ್ ಮಾಡಿಕೊಡುವ ಶಕ್ತಿ ಮನೆಗೆ ಇರಲಿಲ್ಲ.

ಆಮೇಲೆ ಎಲೆಕ್ಟ್ರಿಕ್ ಸ್ಕೂಟರ್. "ಲೈಸೆನ್ಸ್ ಬೇಡ, ನೋಂದಣಿ ಬೇಡ" ಎಂಬ ಬೋರ್ಡ್ ನೋಡಿ ಮಂಜುವೇ ಹೇಳಿದ. ನಾನೂ ಅಪ್ಪನೂ ಅಂಗಡಿಗೆ ಹೋದೆವು. ನಿಯಮ ಹೀಗಿದೆ: ಮೋಟಾರಿನ ಶಕ್ತಿ 250 ವ್ಯಾಟ್ ಮೀರಬಾರದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರಬಾರದು. ಅಂಥದ್ದನ್ನು ಮೋಟಾರು ವಾಹನ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಲೈಸೆನ್ಸ್ ಬೇಡ. ಅಂಗಡಿಯ ಹುಡುಗ ಮೊದಲು 25 ಎಂದ. ಸ್ವಲ್ಪ ಹೊತ್ತಾದ ಮೇಲೆ, "ಬೇಕಂದ್ರೆ 45 ಹೋಗೋ ಹಂಗೆ ಮಾಡಿ ಕೊಡ್ತೀವಿ" ಅಂದ. ಹಾಗೆ ಮಾಡಿದ ಕ್ಷಣವೇ ಅದು ಲೈಸೆನ್ಸ್ ಬೇಕಾದ ಗಾಡಿ. ಮತ್ತೆ ಅದೇ ಗುಂಡಿ. ಇನ್ನು 25ರ ವೇಗದ ಗಾಡಿಯನ್ನು ಹೆದ್ದಾರಿಯಲ್ಲಿ ಲಾರಿಗಳ ನಡುವೆ 16 ಕಿಲೋಮೀಟರ್ ಕಳಿಸುವುದಂತೂ ಆಗದ ಮಾತು.

ಅಂಗಡಿಯಿಂದ ಹೊರಗೆ ಬಂದು ಒಂದು ಕಡೆ ಚಹಾ ಕುಡಿಯುತ್ತಾ ನಿಂತೆವು. ಅಪ್ಪ ಸುಮ್ನೆ ಒಂದು ಮಾತು ಅಂದರು. "ಹೈವೇಗೆ ಬಂದ್ಬಿಟ್ರೆ ಬಸ್ಸಿಗೇನ್ ಬರ ಇಲ್ಲ ಸಾರ್. ಚಿತ್ರದುರ್ಗದ ಕಡೆಯಿಂದ ಬರ್ತಾನೇ ಇರ್ತಾವೆ."

ನಾವೆಲ್ಲ ಐದು ತಿಂಗಳಿಂದ 20 ಕಿಲೋಮೀಟರ್ ಲೆಕ್ಕ ಹಾಕುತ್ತಿದ್ದೆವು. ಬಸ್ ಇಲ್ಲದಿದ್ದದ್ದು 4 ಕಿಲೋಮೀಟರ್‌ಗೆ ಮಾತ್ರ. ಊರಿನ ಒಂದು ಬಸ್ಸಿನ ವೇಳೆಗೆ ನಾವೇ ಹುಡುಗನನ್ನು ಕಟ್ಟಿಹಾಕಿದ್ದೆವು. ಹೆದ್ದಾರಿಯ ಕ್ರಾಸ್‌ವರೆಗೆ ಅವನು ಬಂದರೆ ಸಾಕಿತ್ತು. ಅವನ ಹತ್ತಿರ ಇದ್ದ ವಿದ್ಯಾರ್ಥಿ ಪಾಸ್ ಕೂಡ ಅದೇ ದಾರಿಯದ್ದು. ಕ್ರಾಸ್‌ನಲ್ಲಿ ನಿಲ್ಲುವ ಸಾರಿಗೆ ಸಂಸ್ಥೆಯ ಆರ್ಡಿನರಿ ಬಸ್ಸುಗಳಿಗೂ ಅದು ನಡೆಯುತ್ತಿತ್ತು.

ಅಕ್ಕನ ಸೈಕಲ್

ಕೊಟ್ಟಿಗೆಯಲ್ಲಿ ಒಂದು ಸೈಕಲ್ ಇತ್ತು. ಅಕ್ಕ ಎಂಟನೇ ಕ್ಲಾಸಿನಲ್ಲಿದ್ದಾಗ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯಲ್ಲಿ ನಮ್ಮ ಹಳ್ಳಿಗಳ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದಾರೆ. ಮಂಜು ಎಂಟನೇ ಕ್ಲಾಸಿಗೆ ಬಂದಾಗ ಕೊರೊನಾ. ಸೈಕಲ್ ಕೊಡುವುದು ನಿಂತಿತ್ತು. ಅವನಿಗೆ ಸಿಗಲಿಲ್ಲ. ಅಂದು ಅವನಿಗೂ ಒಂದು ಸೈಕಲ್ ಸಿಕ್ಕಿದ್ದರೆ ಈ ಪ್ರಕರಣ ಬರೆಯುವ ಅಗತ್ಯವೇ ಬರುತ್ತಿರಲಿಲ್ಲವೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಸೈಕಲ್ ಮೇಲೆ ಸೆಗಣಿಯ ಕಲೆ, ಟೈರ್ ಬಿರುಕು, ಚೈನ್ ತುಕ್ಕು. ರಿಪೇರಿಗೆ 900 ರೂಪಾಯಿ ಆಯಿತು. ಎರಡು ಟೈರ್, ಟ್ಯೂಬ್, ಚೈನ್, ಬ್ರೇಕಿನ ರಬ್ಬರ್. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ, ಮುಂದೆ ಬ್ಯಾಟರಿಯ ಲೈಟ್ ಹಾಕಿಸಿದರು. ಜೋಳದ ರಾಶಿ ಮರೆಯಲು ಆ ಮನೆಗೆ ಆಗುವುದಿಲ್ಲ.

ಮಂಜು ಒಪ್ಪಲಿಲ್ಲ. ಎರಡು ತಿಂಗಳು ಗಾಡಿಯಲ್ಲಿ ಬಂದವನು ಈಗ ಸೈಕಲ್ ತುಳಿಯಬೇಕು, ಅದೂ ಲೇಡೀಸ್ ಸೈಕಲ್. ಹದಿನಾರರ ಹುಡುಗನಿಗೆ ಇದು ಸಣ್ಣ ಸಂಗತಿ ಅಲ್ಲ. ದೊಡ್ಡವರು ಇದನ್ನು "ಸುಮ್ನೆ ಹಟ" ಎಂದು ತಳ್ಳಿಬಿಡುತ್ತಾರೆ, ಅಲ್ಲೇ ಮಾತು ಮುರಿಯುತ್ತದೆ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಬುದ್ಧಿ ಹೇಳುವ ಹಕ್ಕು ನನಗೆ ಉಳಿದಿರಲಿಲ್ಲ. ಅವನನ್ನು ಒಪ್ಪಿಸಿದ್ದು ಅಕ್ಕ. "ನಾನು ಮೂರು ವರ್ಷ ಇದನ್ನೇ ತುಳಿದಿದ್ದೀನಿ. ಆವಾಗ ಯಾರಾದ್ರೂ ನಕ್ಕಿದ್ರಾ? ನೀನೇ ಹಿಂದೆ ಕೂತ್ಕೊಂಡು ಬರ್ತಿದ್ದೆ" ಅಂದಳಂತೆ. ಅವನು ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಸೈಕಲ್ ಕೊಟ್ಟಿಗೆಯಲ್ಲಿ ಇರಲಿಲ್ಲ.

ಕ್ರಾಸ್‌ನಲ್ಲಿ ಗೂಡಂಗಡಿ ನಡೆಸುವ ಅಮ್ಮನೊಬ್ಬರು ಸೈಕಲ್ ನೋಡಿಕೊಳ್ಳಲು ಒಪ್ಪಿದರು. ಬೆಳಿಗ್ಗೆ 8.15ಕ್ಕೆ ಮನೆ ಬಿಟ್ಟರೆ 8.35ಕ್ಕೆ ಕ್ರಾಸ್. ಸಂಜೆ ಎಕ್ಸ್‌ಟ್ರಾ ಕ್ಲಾಸ್ ಮುಗಿಸಿ ಬಸ್ ಹಿಡಿದರೆ ಆರೂಮುಕ್ಕಾಲಿಗೆ ಮನೆ. ಕೆಲವು ಬಸ್ ನಿಲ್ಲಿಸದೆ ಹೋಗುತ್ತಿದ್ದವು, ಕೆಲವು ದಿನ ನಲವತ್ತು ನಿಮಿಷ ಕಾಯುತ್ತಿದ್ದ. ಮಳೆಗಾಲದಲ್ಲಿ ಕಷ್ಟವೇ. ನಾನೂ ಪ್ರಿನ್ಸಿಪಾಲರಿಗೆ ಹೇಳಿ ಎಕ್ಸ್‌ಟ್ರಾ ಕ್ಲಾಸ್ ಅನ್ನು ಹದಿನೈದು ನಿಮಿಷ ಮೊದಲೇ ಮುಗಿಸುವಂತೆ ಮಾಡಿದೆ. ಹಳ್ಳಿಯಿಂದ ಬರುವ ಹನ್ನೊಂದು ಮಕ್ಕಳಿಗೆ ಅದರಿಂದ ಅನುಕೂಲವಾಯಿತು. ಅದನ್ನು ಜುಲೈನಲ್ಲೇ ಮಾಡಬಹುದಿತ್ತು.

ಆ ಹಳೆಯ ಎಲ್‌ಎಲ್ ಮಾರ್ಚ್‌ನಲ್ಲಿ ಮುಗಿಯಿತು. ಎಲ್‌ಎಲ್‌ಗೆ ಇರುವುದೇ 6 ತಿಂಗಳು. ಯಾರೂ ನೆನಪಿಸಿಕೊಳ್ಳಲಿಲ್ಲ.

ಹದಿನೆಂಟಕ್ಕೆ

2025ರ ಆಗಸ್ಟ್‌ನಲ್ಲಿ ಮಂಜುವಿಗೆ 18. ಅಷ್ಟರಲ್ಲಿ ಪಿಯುಸಿ ಮುಗಿಸಿ ಬಿ.ಕಾಂ ಸೇರಿದ್ದ. ಈ ಸಲ ಏಜೆಂಟ್ ಇಲ್ಲ. ಅರ್ಜಿಯನ್ನು ಅವನೇ ತುಂಬಿದ. ಯಾವ ವರ್ಗ ಎಂದು ಕೇಳುವ ಜಾಗಕ್ಕೆ ಬಂದಾಗ ನನಗೆ ಫೋನ್ ಮಾಡಿದ. "ಗೇರ್ ಇರೋದು ಅಂತ ಹಾಕ್ತೀನಿ ಸಾರ್, 50 ಸಿಸಿದು ಹಾಕಲ್ಲ" ಅಂದ. ಇಬ್ಬರಿಗೂ ಆ ಕಲ್ಲುಬೆಂಚು ನೆನಪಾಗಿರಬೇಕು.

ಟೆಸ್ಟಿಗೆ ಒಂದು ವಾರ ಓದಿದ. ದುಂಡಗಿನ ಬೋರ್ಡ್ ಆಜ್ಞೆ, ಪಾಲಿಸಲೇಬೇಕು. ಮೂರು ಮೂಲೆಯದ್ದು ಎಚ್ಚರಿಕೆ. ಚೌಕದ್ದು ಮಾಹಿತಿ. ಅಪಘಾತವಾದರೆ ಚಾಲಕ ಏನು ಮಾಡಬೇಕು, ಕಾವಲಿಲ್ಲದ ರೈಲ್ವೆ ಗೇಟ್ ಹೇಗೆ ದಾಟಬೇಕು, ಯಾವ ಕಾಗದ ಜೊತೆಗಿರಬೇಕು, ಇವೆಲ್ಲ ಆ ಟೆಸ್ಟಿನ ವಿಷಯಗಳು. ಇವನ್ನು ಬಾಯಿಪಾಠ ಮಾಡಿ ಪಾಸಾಗುವುದು ಸುಲಭ. ಜೋಳದ ಮೇಲೆ ಬಿದ್ದವನು ಓದುವ ರೀತಿ ಬೇರೆ. "ರಸ್ತೆ ಜಾರುತ್ತದೆ ಅನ್ನೋ ಬೋರ್ಡ್ ಇದೆ ಸಾರ್. ನಮ್ಮೂರ ರಸ್ತೇಲಿ ನವೆಂಬರ್‌ಗೆ ಅದನ್ನ ಹಾಕ್ಬೇಕು" ಅಂದ.

ಎಲ್‌ಎಲ್ ಬಂದ ದಿನ ಅಪ್ಪ ಮಗ ಕೂತು ಎಲ್ ಬೋರ್ಡ್ ಮಾಡಿದರು. ಅಂಗಡಿಯಲ್ಲಿ ಸ್ಟಿಕ್ಕರ್ ಸಿಗುತ್ತದೆ, ಆದರೆ ಅಳತೆ ಸರಿ ಇರಬೇಕೆಂದು ಹಟ. ಬಿಳಿ ತಗಡು, 18 ಸೆಂಟಿಮೀಟರ್ ಚೌಕ. ಅದರ ಮೇಲೆ ಕೆಂಪು ಬಣ್ಣದಲ್ಲಿ ಎಲ್. ಎತ್ತರ 10, ದಪ್ಪ 2, ಕೆಳಗಿನ ಅಡ್ಡಗೀಟು 9 ಸೆಂಟಿಮೀಟರ್. ಅಕ್ಕನ ಹಳೆಯ ಜಾಮೆಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಪೆನ್ಸಿಲ್‌ನಲ್ಲಿ ಗೀಟು ಹಾಕಿ, ಎತ್ತಿನ ಕೊಂಬಿಗೆ ಹಚ್ಚಿ ಉಳಿದಿದ್ದ ಕೆಂಪು ಬಣ್ಣ ತುಂಬಿದರು. ಫೋಟೋ ಕಳಿಸಿದ್ದ. ಒಂದು ಬೋರ್ಡಿನಲ್ಲಿ ಬಣ್ಣ ಸ್ವಲ್ಪ ಇಳಿದಿತ್ತು.

ಅಲ್ಲಿ ಇನ್ನೊಂದು ತಿರುವು ಬಂತು. ಕಲಿಸುವವರಿಗೆ ಚಾಲ್ತಿಯಲ್ಲಿರುವ ಡಿಎಲ್ ಇರಬೇಕಲ್ಲ ಎಂದು ಮಂಜು ಅಪ್ಪನ ಡಿಎಲ್ ತೆಗೆಸಿ ನೋಡಿದ. ಅದು 2003ರಲ್ಲಿ ಮಾಡಿಸಿದ್ದು, 20 ವರ್ಷಕ್ಕೆ. 2023ರಲ್ಲೇ ಮುಗಿದಿತ್ತು. ಮಗ ಎಕ್ಸ್‌ಎಲ್ ಹತ್ತಿ ಕಾಲೇಜಿಗೆ ಬರುತ್ತಿದ್ದ ವರ್ಷವೇ ಅಪ್ಪನ ಲೈಸೆನ್ಸೂ ಮುಗಿದಿತ್ತು. ನಾನಂತೂ ಅದನ್ನು ಕೇಳುವ ಯೋಚನೆಯನ್ನೇ ಮಾಡಿರಲಿಲ್ಲ. ಅವಧಿ ಮುಗಿದು ಒಂದು ವರ್ಷ ದಾಟಿದರೆ ನವೀಕರಣಕ್ಕೆ ಡ್ರೈವಿಂಗ್ ಟೆಸ್ಟ್ ಮತ್ತೆ ಕೊಡಬೇಕು. ನಲವತ್ತು ದಾಟಿದವರಿಗೆ ವೈದ್ಯರ ಸರ್ಟಿಫಿಕೇಟೂ ಬೇಕು. ಅಪ್ಪ ಮೊದಲು ನಾಚಿಕೊಂಡರು. ಆಮೇಲೆ ಅರ್ಜಿ ಹಾಕಿದರು. ಮಗನ ಹಿಂದೆ ಕೂತು ಕಲಿಸಿದ್ದು ಸೋದರಮಾವ, ಭಾನುವಾರಗಳಲ್ಲಿ, ತಮ್ಮ ಬೈಕಿನಲ್ಲಿ, ಇಬ್ಬರೂ ಹೆಲ್ಮೆಟ್ ಹಾಕಿಕೊಂಡು.

ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟಿಗೆ ಹೋಗಬಹುದು. ಮಂಜು ಮೊದಲ ಸಲ ಎಂಟರ ಆಕಾರದಲ್ಲಿ ಕಾಲು ಕೆಳಗೆ ಇಟ್ಟ, ಫೇಲಾದ. 7 ದಿನ ಬಿಟ್ಟು ಮತ್ತೆ ಹೋಗಿ ಪಾಸಾದ. ಅಪ್ಪ ಮೊದಲ ಸಲವೇ ಪಾಸು. ಆರ್‌ಸಿ ಕೂಡ ಈಗ ಅಪ್ಪನ ಹೆಸರಿಗೆ ಆಗಿದೆ. ದೊಡ್ಡಪ್ಪ ಬಂದು ಸಹಿ ಹಾಕಿಕೊಟ್ಟರು.

ನಾನು ಇದರಿಂದ ಬದಲಿಸಿಕೊಂಡದ್ದು

ಹುಡುಗರು ಎಲ್‌ಎಲ್ ಬಗ್ಗೆ ಕೇಳಿದರೆ ನಾನು ಈಗ ಮೊದಲು ಅವರ ದಾರಿ ಕೇಳುತ್ತೇನೆ. ಮನೆಯಿಂದ ಎಲ್ಲಿಯವರೆಗೆ ಬಸ್ ಇಲ್ಲ, ಅಲ್ಲಿಂದ ಮುಂದೆ ಏನಿದೆ. ಮಂಜುವಿನ ಮನೆಯಲ್ಲಿ ಎಲ್ಲರೂ, ನಾನೂ ಸೇರಿ, ಕಾಗದ ಹೇಗೆ ಮಾಡಿಸುವುದು ಎಂದು ಯೋಚಿಸಿದೆವು. ದಾರಿಯನ್ನು ಅಳೆಯುವ ಹೊತ್ತಿಗೆ ಹುಡುಗ ಒಮ್ಮೆ ಬಿದ್ದಾಗಿತ್ತು. ಎಲ್‌ಎಲ್ ಎಂದರೆ ಪೊಲೀಸರಿಗೆ ತೋರಿಸುವ ಚೀಟಿ ಎಂದು ನಾವು ತಿಳಿದಿದ್ದೆವು. ಅದರಲ್ಲಿ ಒಂದು ಗಾಡಿಯ ಹೆಸರಿದೆ, ಒಬ್ಬ ಜೊತೆಗಾರನ ಜಾಗ ಇದೆ, ಒಂದು ಕೊನೆಯ ದಿನ ಇದೆ. ಇವನ್ನು ನಾವು ಓದಲೇ ಇಲ್ಲ.

ಪೋಷಕರ ಜೊತೆ ಮಾತಾಡುವಾಗ ದಂಡದ ಮೊತ್ತದಿಂದ ಶುರು ಮಾಡುವುದನ್ನು ಬಿಟ್ಟಿದ್ದೇನೆ. 25,000 ಎಂದರೆ ಹೆದರುತ್ತಾರೆ, ಆದರೆ "ನಮ್ಮ ರಸ್ತೇಲಿ ಯಾರ್ ಹಿಡೀತಾರೆ" ಎಂದು ಅಂದುಕೊಂಡು ಮನೆಗೆ ಹೋಗುತ್ತಾರೆ. ಗಾಡಿ ಯಾರ ಹೆಸರಿನಲ್ಲಿದೆ ಎಂದು ಕೇಳಿದರೆ ಮಾತು ಬೇರೆ ಕಡೆ ಹೊರಳುತ್ತದೆ. ಅಣ್ಣ, ಭಾವ, ತೀರಿಕೊಂಡ ಅಪ್ಪ, ಹೀಗೆ ಹೆಸರುಗಳು ಬರುತ್ತವೆ. ಆಗ ಅವರೇ ಯೋಚಿಸತೊಡಗುತ್ತಾರೆ.

2024ರ ಜೂನ್‌ನಿಂದ ಫಸ್ಟ್ ಪಿಯುಸಿ ಪೋಷಕರ ಮೊದಲ ಸಭೆಗೆ ಮನೆಯ ಗಾಡಿಯ ಆರ್‌ಸಿ ಮತ್ತು ಓಡಿಸುವವರ ಡಿಎಲ್ ತರಲು ಹೇಳುತ್ತೇನೆ. ಎಲ್ಲರೂ ತರುವುದಿಲ್ಲ. ತಂದವರ ಜೊತೆ ಕೂತು ಸಿಸಿ ಯಾವ ಸಾಲಿನಲ್ಲಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂದು ತೋರಿಸುತ್ತೇನೆ. ಕಳೆದ ಸಲ ಮಂಜುವಿನ ಅಪ್ಪನೂ ಬಂದಿದ್ದರು, ಅವರ ಮಕ್ಕಳು ಯಾರೂ ಈಗ ನಮ್ಮಲ್ಲಿ ಇಲ್ಲದಿದ್ದರೂ. ಊರಿನ ಇನ್ನೊಬ್ಬ ಹುಡುಗನ ತಂದೆಯನ್ನು ಕರೆದುಕೊಂಡು ಬಂದಿದ್ದರು. ಅದೇ ಕಲ್ಲುಬೆಂಚಿನ ಮೇಲೆ ಕೂರಿಸಿ, ಅವರ ಕಾರ್ಡನ್ನು ತಾವೇ ಕೈಗೆ ತೆಗೆದುಕೊಂಡು, ಬೆರಳಿಟ್ಟು, "ಇಲ್ಲಿ ನೋಡ್ರಿ, ಇಲ್ಲೈತೆ" ಎಂದು ತೋರಿಸುತ್ತಿದ್ದರು.